ನಿದ್ರೆಗೆಡಿಸುವ ನೋವೂ ನೋವಿಲ್ಲದ ಕಾಲೂ

ಸುಳ್ಯ ತಾಲೂಕಿನ ಐವರ್ನಾಡು, ಬೆಳ್ಳಾರೆ ಮೊದಲಾದ ಗ್ರಾಮಗಳ ಸುತ್ತಲೂ ರಬ್ಬರ್ ತೋಟಗಳೂ ಅಡಿಕೆ ತೋಟಗಳೂ ಇರುವದು ನಿಮಗೆ ಗೊತ್ತೇ ಉಂಟು. ರಬ್ಬರ್ ಮರವು ತಂಪುಹೊತ್ತಿನಲ್ಲಿ ಹೆಚ್ಚು ಹಾಲು ಕೊಡುವದರಿಂದ ಟ್ಯಾಪಿಂಗ್ ಮಾಡುವವರು ತಲೆಗೆ ದೀಪ ಕಟ್ಟಿಕೊಂಡು ಬೆಳಗಾಗುವ ಮುಂಚೆಯೇ ತೋಟಕ್ಕೆ ಹೋಗುತ್ತಾರೆ. 1964ರಲ್ಲಿ ಭಾರತ ಮತ್ತು ಸಿಲೋನ್ ಸರಕಾರಗಳು ಮಾಡಿಕೊಂಡ ಒಪ್ಪಂದದ ಮೇಲೆ ಈ ಸೀಮೆಗೆ ಬಂದು ನೆಲಸಿದ ತಮಿಳು ಕುಟುಂಬಗಳಲ್ಲಿ ಈ ಕೆಲಸವು ತಂದೆಯಿಂದ ಮಕ್ಕಳಿಗೆ ನಡೆದು ಬಂದಿದೆ. ಅಡಿಕೆಯ ಮನೆಗಳಲ್ಲಾದರೋ, ಯಂತ್ರಗಳು ಬಂದಿದ್ದರೂ, ಸುಲಿಯುವ ಕಾಲದಲ್ಲಿ ರಾತ್ರಿ ಬಹಳ ಹೊತ್ತು ಕೂತು ಕೆಲಸ ಮಾಡುವವರು ಇನ್ನೂ ಇದ್ದಾರೆ. ಹೀಗೆ ದುಡಿಯುವವರಿಗೆ ನಿದ್ರೆಯು ಮೊದಲೇ ಕಡಿಮೆ. ಅದರ ಮೇಲೆ ಕಾಲುರಿಯೋ ಕೈಜೋಮೋ ಸೇರಿದರೆ ಅವರ ಗತಿ ಏನು? ಇದನ್ನು ಈ ಪಾಠದಲ್ಲಿ ವಿಚಾರಿಸೋಣ.

ಇಂಥ ಊರಿನ ಐವತ್ತೈದು ವರುಷದ ಒಬ್ಬ ಕೃಷಿಕನನ್ನು ಊಹಿಸಿಕೊಳ್ಳಿರಿ. ರಾತ್ರಿ ಮಲಗಿದೊಡನೆ ಅವನ ಅಂಗಾಲು ಕೆಂಡ ತುಳಿದಂತೆ ಉರಿಯುತ್ತದೆ. ಅವನು ಎದ್ದು ತಣ್ಣನೆಯ ನೆಲದ ಮೇಲೆ ಕಾಲಿಡುತ್ತಾನೆ, ಎಣ್ಣೆ ತಿಕ್ಕುತ್ತಾನೆ, ಕೋಳಿ ಕೂಗುವ ಹೊತ್ತಿಗೆ ಸ್ವಲ್ಪ ಕಣ್ಣು ಮುಚ್ಚುತ್ತಾನೆ. ಹೀಗೆ ಎರಡು ವರುಷ ಕಳೆದ ತರುವಾಯ ಉರಿಯು ತಾನಾಗಿ ಕಡಿಮೆಯಾಗುತ್ತಾ ಬರುತ್ತದೆ. ಅವನು ಸಂತೋಷಪಟ್ಟು, "ರೋಗ ಬಿಟ್ಟಿತು" ಅನ್ನುತ್ತಾನೆ. ಆದರೆ ಈಗ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಬಿದ್ದರೂ ಅವನಿಗೆ ತಿಳಿಯುವದಿಲ್ಲ. ಮುಳ್ಳು ಹೊಕ್ಕರೂ ತಿಳಿಯುವದಿಲ್ಲ. ಇವನ ರೋಗ ಬಿಟ್ಟಿತೋ? ಇಲ್ಲ, ಬಲವಾಯಿತು. ಹೇಗೆಂದರೆ ಕೇಳಿರಿ.

ನರಗಳ ಕೆಲಸ

ನರಗಳು ಶರೀರದ ಸುದ್ದಿಯನ್ನು ಮಿದುಳಿಗೆ ಒಯ್ಯುವ ತಂತಿಗಳಂತಿವೆ. ಅವುಗಳಲ್ಲಿ ಅತಿ ಉದ್ದವಾದವು ಸೊಂಟದಿಂದ ಹೊರಟು ಕಾಲ್ಬೆರಳುಗಳ ತುದಿಯ ವರೆಗೆ ಹೋಗುತ್ತವೆ. ಇಡೀ ಶರೀರಕ್ಕೆ ತಗಲಿದ ರೋಗದಿಂದ ನರಗಳು ಕೆಡುವಾಗ ಈ ಉದ್ದವಾದವುಗಳೇ ಮೊದಲು ಕೆಡುತ್ತವೆ. ಆದದರಿಂದ ಜೋಮು ಕಾಲ್ಬೆರಳುಗಳಲ್ಲಿ ಹುಟ್ಟಿ, ಕಾಲುಚೀಲ ಏರಿಸಿದ ಹಾಗೆ ಮೆಲ್ಲಮೆಲ್ಲನೆ ಮೇಲಕ್ಕೆ ಬರುತ್ತದೆ. ಮೊಣಕಾಲಿನ ಸಮೀಪಕ್ಕೆ ಬಂದಾಗ ಕೈಬೆರಳುಗಳಲ್ಲಿಯೂ ತೋರುವದುಂಟು.

ಗಾಯಗೊಂಡ ನರವು ಸುಳ್ಳು ಸುದ್ದಿ ಕಳುಹಿಸುತ್ತದೆ: ಬೆಂಕಿಯಿಲ್ಲದೆ ಉರಿ, ಇರುವೆಯಿಲ್ಲದೆ ಇರುವೆ ಹರಿದ ಹಾಗೆ, ಸೂಜಿಯಿಲ್ಲದೆ ಚುಚ್ಚು. ಸತ್ತ ನರವಾದರೋ ಯಾವ ಸುದ್ದಿಯನ್ನೂ ಕಳುಹಿಸುವದಿಲ್ಲ. ಹಾಗಾದರೆ ಚಿಕಿತ್ಸೆಯಿಲ್ಲದೆ ಉರಿಯು ತಣಿದು ಜೋಮು ಉಳಿದರೆ ಅದು ಗುಣವಲ್ಲ, ನರವು ಸಾಯುತ್ತಾ ಇರುವ ಗುರುತಾಗಿರಬಹುದು.

ರಾತ್ರಿಯಲ್ಲಿ ನೋವು ಹೆಚ್ಚುವದು ಯಾಕೆ?

ಹಗಲಲ್ಲಿ ಕೆಲಸವೂ ಮಾತೂ ನಡಿಗೆಯೂ ಮನಸ್ಸನ್ನು ಎಳೆದುಕೊಳ್ಳುತ್ತವೆ. ರಾತ್ರಿಯಲ್ಲಿ ಎಲ್ಲವೂ ನಿಶ್ಶಬ್ದವಾದಾಗ ಮಿದುಳಿಗೆ ಆ ಒಂದು ಸುದ್ದಿಯೇ ಕೇಳಿಸುತ್ತದೆ. ಕೆಲವರಿಗೆ ಹೊದಿಕೆ ತಾಗಿದರೂ ಸಹಿಸಕೂಡದು. ಇದಲ್ಲದೆ ನಿದ್ರೆಗೆಟ್ಟವನಿಗೆ ಮರುದಿನ ನೋವನ್ನು ತಾಳುವ ಶಕ್ತಿ ಕಡಿಮೆಯಾಗುತ್ತದೆ; ನೋವು ಹೆಚ್ಚಾದ ಕಾರಣ ಮರುರಾತ್ರಿ ಇನ್ನೂ ನಿದ್ರೆ ಕೆಡುತ್ತದೆ. ಇದು ಗಾಣದ ಎತ್ತಿನ ಸುತ್ತು. ಆದಕಾರಣ ನೋವಿಗೂ ನಿದ್ರೆಗೂ ಒಟ್ಟಿಗೇ ಉಪಾಯ ಮಾಡತಕ್ಕದ್ದು.

ಕಾರಣಗಳು

ಜೋಮೆಂಬದು ಒಂದೇ ರೋಗವಲ್ಲ. ನಮ್ಮ ಊರುಗಳಲ್ಲಿ ಕಾಣುವ ಮುಖ್ಯವಾದ ಕಾರಣಗಳನ್ನು ಹೇಳುವೆವು.

ಒಂದನೇದು, ಸಿಹಿಮೂತ್ರರೋಗ. ಇದು ಎಲ್ಲಾ ಕಾರಣಗಳಲ್ಲಿ ದೊಡ್ಡದು. ಈ ರೋಗವುಳ್ಳವರಲ್ಲಿ ಸುಮಾರು ಅರ್ಧ ಮಂದಿಗೆ ಕಾಲಕ್ರಮದಲ್ಲಿ ನರಗಳು ಕೆಡುತ್ತವೆ. ಅನೇಕರಿಗೆ ರೋಗವಿರುವದು ಕಾಲು ಜೋಮು ಹಿಡಿದ ಮೇಲೆಯೇ ತಿಳಿಯುತ್ತದೆ. ಬರಿಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆಯು 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದು, ಇನ್ನೊಂದು ಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಸಿಹಿಮೂತ್ರವಿದೆ ಎಂದು ನಿಶ್ಚಯಿಸುತ್ತಾರೆ. ಹೋದ ಸ್ಪರ್ಶಜ್ಞಾನವು ಹೆಚ್ಚಾಗಿ ಹಿಂದಿರುಗುವದಿಲ್ಲ. ಆದರೆ ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಉಳಿದದ್ದನ್ನು ಕಾಪಾಡಬಹುದು.

ಎರಡನೇದು, ಬಿ12 ಎಂಬ ಜೀವಸತ್ವದ ಕೊರತೆ. ಇದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುತ್ತದೆ. ಇವುಗಳನ್ನು ಬಹು ಕಡಿಮೆ ತಿನ್ನುವವರಿಗೂ, ಸಿಹಿಮೂತ್ರಕ್ಕಾಗಿ ಮೆಟ್‌ಫಾರ್ಮಿನ್ ಮಾತ್ರೆಯನ್ನು ಅನೇಕ ವರುಷ ತಿಂದವರಿಗೂ ಕೊರತೆಯಾಗಬಹುದು. ಅಂಥವರು ಮಾತ್ರೆಯನ್ನು ತಾವಾಗಿ ಬಿಡಕೂಡದು. ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಬೇಕು. ಈ ಕೊರತೆಯನ್ನು ಬೇಗನೆ ಕಂಡುಹಿಡಿದರೆ ಗುಣವಾಗುವದು ಸುಲಭ.

ಮೂರನೇದು, ಮದ್ಯಪಾನ. ಬಹುಕಾಲದ ಕುಡಿತವು ನರಗಳನ್ನು ಕೆಡಿಸುತ್ತದೆ. ಉರಿಯನ್ನು ಮರೆಯುವದಕ್ಕೆ ಕುಡಿಯುವವನು ಉರಿಯುವ ಮನೆಗೆ ಎಣ್ಣೆ ಹೊಯ್ಯುವವನಂತಿದ್ದಾನೆ.

ನಾಲ್ಕನೇದು, ನರವು ಒತ್ತಿಹೋಗುವದು. ಕತ್ತಿಯನ್ನು ಬಿಗಿ ಹಿಡಿದು ಮಣಿಕಟ್ಟನ್ನು ಬಗ್ಗಿಸಿ ಒಂದೇ ಕೆಲಸವನ್ನು ಸಾವಿರ ಸಾರಿ ಮಾಡುವವರಲ್ಲಿ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನರವು ಒತ್ತಲ್ಪಡಬಹುದು. ಟ್ಯಾಪಿಂಗ್ ಮಾಡುವವರೂ ಅಡಿಕೆ ಸುಲಿಯುವವರೂ ಇದನ್ನು ಲಕ್ಷ್ಯದಲ್ಲಿಡಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದು ಮಧ್ಯರಾತ್ರಿಯಲ್ಲಿ ಎಚ್ಚರವಾಗಿ, ಕೈ ಕೊಡವಿದರೆ ಸುಖವಾಗುವದು ಇದರ ಗುರುತು. ರಾತ್ರಿಯಲ್ಲಿ ಮಣಿಕಟ್ಟು ಬಗ್ಗದಂತೆ ಪಟ್ಟಿ ಕಟ್ಟುವದರಿಂದ ಅನೇಕರಿಗೆ ನಿದ್ರೆ ಬರುತ್ತದೆ. ಕೆಲವರಿಗೆ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸೊಂಟದಲ್ಲಿ ನರ ಒತ್ತಿದರೆ ನೋವು ಹೆಚ್ಚಾಗಿ ಒಂದೇ ಕಾಲಿನಲ್ಲಿ ಇಳಿಯುತ್ತದೆ.

ಐದನೇದು, ಕುಷ್ಠರೋಗ. ಮೈಮೇಲೆ ಬಿಳುಚಿದ ಅಥವಾ ಕೆಂಪಾದ ಮಚ್ಚೆ ಇದ್ದು ಅದರಲ್ಲಿ ಸ್ಪರ್ಶ ತಿಳಿಯದಿದ್ದರೆ ನಾಚದೆ ತೋರಿಸಬೇಕು. ಇದು ಶಾಪವಲ್ಲ, ನಾರ್ವೆಯ ವೈದ್ಯನಾದ ಹಾನ್ಸೆನನು 1873ರಲ್ಲಿ ಕಂಡುಹಿಡಿದ ಒಂದು ಸೂಕ್ಷ್ಮಜೀವಿಯಿಂದ ಬರುವ ರೋಗ. ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ಕೊಡುವ ಔಷಧಗಳನ್ನು ರೋಗದ ಬಗೆಗೆ ತಕ್ಕಂತೆ ಆರು ಅಥವಾ ಹನ್ನೆರಡು ತಿಂಗಳು ತಪ್ಪದೆ ತೆಗೆದುಕೊಂಡರೆ ಗುಣವಾಗುತ್ತದೆ. ತಡಮಾಡಿದರೆ ನರ ಹೋಗುತ್ತದೆ.

ನೋವಿಲ್ಲದ ಕಾಲಿನ ಅಪಾಯ

ಪಾಲ್ ಬ್ರಾಂಡ್ ಎಂಬ ವೈದ್ಯರು 1914ರಲ್ಲಿ ತಮಿಳು ಸೀಮೆಯ ಕೊಲ್ಲಿಮಲೆಯಲ್ಲಿ ಮಿಶನರಿ ತಂದೆತಾಯಿಗಳಿಗೆ ಹುಟ್ಟಿದವರು. 1946ರಲ್ಲಿ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಬೀಳುತ್ತವೆಂದು ಆ ಕಾಲದಲ್ಲಿ ಬಹುಜನರು ನೆನಸುತ್ತಿದ್ದರು. ಬ್ರಾಂಡರು ಲಕ್ಷ್ಯವಿಟ್ಟು ನೋಡಿ ಹಾಗಲ್ಲವೆಂದು ಕಂಡುಕೊಂಡರು. ಸ್ಪರ್ಶಜ್ಞಾನವಿಲ್ಲದವನು ಬಿಸಿ ಪಾತ್ರೆಯನ್ನು ಹಿಡಿದರೂ ಬಿಡುವದಿಲ್ಲ. ಗಾಯವಾದ ಕಾಲಿನಲ್ಲಿಯೇ ನಡೆಯುತ್ತಾನೆ. ಹುಣ್ಣು ಎಲುಬಿಗೆ ಇಳಿಯುತ್ತದೆ. ಕೆಲವರ ಬೆರಳುಗಳಾದರೋ ರಾತ್ರಿಯೊಳಗೆ ಕಾಣದೆ ಹೋಗುತ್ತಿದ್ದವು. ವಿಚಾರಿಸಲಾಗಿ, ಮಲಗಿದವರ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದವೆಂದು ತಿಳಿಯಿತು. ನೋವಿಲ್ಲದ್ದರಿಂದ ಅವರಿಗೆ ಎಚ್ಚರವೇ ಆಗಲಿಲ್ಲ. ಆಗ ಅವರಿಗೆ ಬೆಕ್ಕುಗಳನ್ನು ಕೊಡುವ ಏರ್ಪಾಡಾಯಿತು.

ವಾಚಕರೇ, ಈ ಸಂಗತಿಯನ್ನು ಮರೆಯಬೇಡಿರಿ. ನೋವುಳ್ಳವನು ನಿದ್ರೆಯನ್ನು ಕಳಕೊಳ್ಳುತ್ತಾನೆ. ನೋವಿಲ್ಲದವನು ನಿದ್ರೆಮಾಡುತ್ತಾ ಬೆರಳನ್ನೇ ಕಳಕೊಳ್ಳುತ್ತಾನೆ. ಸಿಹಿಮೂತ್ರದಿಂದ ಜೋಮಾದ ಕಾಲಿಗೂ ಇದೇ ಅಪಾಯವುಂಟು. ಚರ್ಮವು ಸುದ್ದಿ ಹೇಳದಿದ್ದರೆ ಕಣ್ಣು ಆ ಕೆಲಸವನ್ನು ಮಾಡಬೇಕು. ಆದದರಿಂದ ಈ ನಿಯಮಗಳನ್ನು ಹಿಡಿಯಿರಿ:

1. ಪ್ರತಿ ಸಂಜೆ ಕಾಲು ತೊಳೆದು, ಬೆರಳುಸಂದುಗಳನ್ನು ಒರಸಿ, ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿರಿ. ಬಗ್ಗಲಾರದವರು ನೆಲದಲ್ಲಿ ಕನ್ನಡಿ ಇಟ್ಟು ನೋಡಲಿ. ಮಳೆಗಾಲದಲ್ಲಿ ಉಂಬಳ ಕಚ್ಚಿದ ಗಾಯವನ್ನೂ ನೀರಿನಲ್ಲಿ ನೆನೆದು ಬಿರಿದ ಬೆರಳುಸಂದುಗಳನ್ನೂ ಅಲಕ್ಷ್ಯ ಮಾಡಬೇಡಿರಿ.

2. ಬರಿಗಾಲಲ್ಲಿ ನಡೆಯಬೇಡಿರಿ, ಮನೆಯೊಳಗೂ ಬೇಡ. ಅಡಿಕೆ ಹರವಿದ ಅಂಗಳವು ಬೇಸಗೆಯ ಮಧ್ಯಾಹ್ನದಲ್ಲಿ ಹೆಂಚಿನಂತೆ ಕಾದಿರುತ್ತದೆ. ಜೋಮಾದ ಕಾಲು ಅಲ್ಲಿ ಬೆಂದರೂ ತಿಳಿಯದು.

3. ಚಪ್ಪಲಿ ಮೆತ್ತಗೂ ಹಿಂಬದಿ ಪಟ್ಟಿಯುಳ್ಳದ್ದೂ ಆಗಿರಲಿ. ಹಾಕುವ ಮುಂಚೆ ಕೊಡವಿ, ಒಳಗೆ ಕಲ್ಲೋ ಮೊಳೆಯೋ ಉಂಟೋ ಎಂದು ಕೈಯಿಂದ ತಡವಿ ನೋಡಿರಿ.

4. ಬಚ್ಚಲಿನ ಹಂಡೆಯ ಬಿಸಿನೀರನ್ನು ಕಾಲಿನಿಂದ ಪರೀಕ್ಷಿಸಬೇಡಿರಿ. ಮೊಣಕೈಯಿಂದ ನೋಡಿರಿ, ಇಲ್ಲವೆ ಮನೆಯವರು ನೋಡಲಿ. ಒಲೆಯ ಶಾಖ, ಬಿಸಿ ಇಟ್ಟಿಗೆ, ಬಿಸಿನೀರಿನ ಚೀಲ ಇವು ಯಾವವೂ ಬೇಡ.

5. ಆಣಿಯನ್ನೂ ಗಟ್ಟಿಚರ್ಮವನ್ನೂ ಬ್ಲೇಡಿನಿಂದ ಕೊಯ್ಯಬೇಡಿರಿ. ನೋವಿಲ್ಲದ ಹುಣ್ಣನ್ನು ಕಂಡ ಕೂಡಲೆ, ಆ ಕಾಲಿಗೆ ಭಾರ ಕೊಡದೆ ವೈದ್ಯರ ಬಳಿಗೆ ಹೋಗಿರಿ.

ನಿದ್ರೆಯ ವಿಷಯ

ಮೊದಲನೇದಾಗಿ, ಗಳಿಗೆಯನ್ನು ಕಟ್ಟಿಕೊಳ್ಳಬೇಕು. ಮೂರು ಗಂಟೆಗೆ ಏಳುವವನು ಹತ್ತು ಗಂಟೆಗೆ ಮಲಗಿ ಆರೋಗ್ಯವನ್ನು ನಿರೀಕ್ಷಿಸಲಾರನು. ಅವನು ಎಂಟು ಗಂಟೆಗೇ ಹಾಸಿಗೆಗೆ ಹೋಗಲಿ, ಮಧ್ಯಾಹ್ನದ ನಿದ್ರೆಯಿದ್ದರೆ ದಿನಾಲೂ ಒಂದೇ ಹೊತ್ತಿಗೆ ಇರಲಿ. ಮಧ್ಯಾಹ್ನ ಕಳೆದ ಮೇಲೆ ಚಹ ಕಾಫಿಗಳನ್ನು ಬಿಡಲಿ. ಮಲಗುವ ಒಂದು ತಾಸು ಮುಂಚೆ ಮೊಬೈಲನ್ನು ದೂರವಿಡಲಿ. ಹೊದಿಕೆಯ ಸೋಂಕು ಸಹಿಸದವರು ಕಾಲಿನ ಮೇಲೆ ಒಂದು ಬುಟ್ಟಿಯನ್ನು ಕವುಚಿ ಅದರ ಮೇಲೆ ಹೊದಿಕೆ ಹಾಕಿಕೊಳ್ಳಬಹುದು. ನಿದ್ರೆ ಬಾರದೆ ಹೊರಳುವದಕ್ಕಿಂತ ಎದ್ದು ಮಂದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕೂತು, ತೂಕಡಿಕೆ ಬಂದಾಗ ಮರಳಿ ಮಲಗುವದು ಒಳ್ಳೇದು. ಕಾಲು ಆಡಿಸದೆ ಇರಕೂಡದೆಂಬ ಚಡಪಡಿಕೆ ಮಾತ್ರ ಇದ್ದರೆ ಅದು ಬೇರೆ ವ್ಯಾಧಿ. ಕೆಲವರಿಗೆ ಅದು ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದದರಿಂದ ಬರುತ್ತದೆ.

ಔಷಧದ ವಿಷಯದಲ್ಲಿ ಒಂದು ಮಾತು. ತಲೆನೋವಿನ ಸಾಧಾರಣ ಮಾತ್ರೆಗಳು ನರದ ಉರಿಗೆ ಹೆಚ್ಚು ಪ್ರಯೋಜನವಾಗುವದಿಲ್ಲ; ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ತಿನ್ನುವವರ ಮೂತ್ರಪಿಂಡ ಕೆಡುವದುಂಟು. ನರದ ನೋವಿಗೆ ಬೇರೆ ಔಷಧಗಳಿವೆ: ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಗಾಬಾಪೆಂಟಿನ್, ಪ್ರಿಗಾಬಾಲಿನ್ ಮೊದಲಾದವು. ಇವುಗಳಲ್ಲಿ ಕೆಲವು ನಿದ್ರೆಗೂ ಸಹಾಯವಾಗುತ್ತವೆ. ಆದರೆ ಇವು ಅಮಲು, ತಲೆಸುತ್ತು, ಮೂತ್ರದ ತಡೆ ಮುಂತಾದವನ್ನು ತರಬಲ್ಲವಾದ್ದರಿಂದ ವೈದ್ಯರು ಪ್ರಾಯವನ್ನೂ ಬೇರೆ ರೋಗಗಳನ್ನೂ ನೋಡಿ, ಅಳತೆಯನ್ನು ಮೆಲ್ಲಗೆ ಏರಿಸುತ್ತಾರೆ. ಎರಡು ದಿನ ತಿಂದು "ಗುಣ ಕಾಣಲಿಲ್ಲ" ಎಂದು ಬಿಡಬೇಡಿರಿ. ಫಲ ಕಾಣುವದಕ್ಕೆ ಕೆಲವು ವಾರ ಬೇಕು. ಬಹುದಿನ ತಿಂದದ್ದನ್ನು ಒಮ್ಮೆಲೇ ನಿಲ್ಲಿಸಲೂ ಬೇಡಿರಿ.

ತಡಮಾಡಕೂಡದ ಗುರುತುಗಳು

ಮುಖ ಸೊಟ್ಟಗಾಗಿ ಅಥವಾ ಮಾತು ತೊದಲಿ ಒಂದು ಬದಿ ಮರಗಟ್ಟಿದರೆ, ಜೋಮೂ ಬಲಹೀನತೆಯೂ ದಿನದಿಂದ ದಿನಕ್ಕೆ ಕಾಲಿನಿಂದ ಮೇಲಕ್ಕೇರಿದರೆ, ಸೊಂಟನೋವಿನೊಂದಿಗೆ ತೊಡೆಸಂದು ಮರಗಟ್ಟಿ ಮೂತ್ರ ಮಲಗಳ ಹತೋಟಿ ತಪ್ಪಿದರೆ, ಕಾಲಿನ ಹುಣ್ಣು ಕಪ್ಪಾಗಿ ನಾರಿ ಜ್ವರ ಬಂದರೆ, ನಾಳೆಯ ವರೆಗೆ ಕಾಯಬೇಡಿರಿ. ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಿರಿ. ಉಳಿದ ಜೋಮಿಗೂ ಉರಿಗೂ ಮೊದಲು ಬೆಳ್ಳಾರೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸುಳ್ಯದ ತಾಲೂಕು ಆಸ್ಪತ್ರೆಗೋ ಹೋಗಿ ರಕ್ತದ ಸಕ್ಕರೆಯನ್ನು ನೋಡಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಸುಳ್ಯದಲ್ಲಿಯೇ ವೈದ್ಯಕೀಯ ಕಾಲೇಜು ಉಂಟು.

ಮೊದಲು ಹೇಳಿದ ಕೃಷಿಕನ ಕಡೆಗೆ ತಿರುಗೋಣ. ಉರಿಯಿದ್ದ ಆ ಎರಡು ವರುಷಗಳಲ್ಲಿ ಅವನ ಕಾಲು ರಾತ್ರಿ ರಾತ್ರಿ ಅವನನ್ನು ಎಬ್ಬಿಸಿ ಕರೆಯುತ್ತಿತ್ತು. ಅವನು ಆ ಕರೆಯನ್ನು ಉಪದ್ರವವೆಂದು ಮಾತ್ರ ಎಣಿಸಿದನು. ಈಗ ಅದು ಕರೆಯುವದನ್ನು ನಿಲ್ಲಿಸಿದೆ. ಆದರೂ ಅವನಿಗೆ ಹೊತ್ತು ಮೀರಲಿಲ್ಲ. ಅವನ ಮನೆಯಲ್ಲಿ ಹೆಂಡತಿಯ ಕಣ್ಣುಗಳುಂಟು, ಮೊಮ್ಮಕ್ಕಳ ಕಣ್ಣುಗಳುಂಟು. ಸಂಜೆಯ ದೀಪ ಹಚ್ಚಿದ ಮೇಲೆ ಒಂದು ಮಗುವು, "ಅಜ್ಜಾ, ಕಾಲು ತೋರಿಸಿ" ಎಂದು ಕೇಳುವ ಮನೆಯಲ್ಲಿ ಅಜ್ಜನ ಕಾಲು ಉಳಿಯುವ ನಿರೀಕ್ಷೆ ಹೆಚ್ಚು.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ಚಿಕಿತ್ಸೆಯಿಲ್ಲದೆ ಉರಿ ನಿಂತು ಜೋಮು ಉಳಿದರೆ ಸಂತೋಷಪಡಬಹುದೋ? ಯಾಕೆ?
2. ಜೋಮು ಕಾಲ್ಬೆರಳುಗಳಲ್ಲಿಯೇ ಮೊದಲು ತೋರುವದಕ್ಕೆ ಕಾರಣವೇನು?
3. ವೆಲ್ಲೂರಿನ ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟದ್ದು ಯಾಕೆ?
4. ನಮ್ಮ ಮನೆಯಲ್ಲಿ ಈ ಸಂಜೆ ಯಾರ ಕಾಲನ್ನು ಯಾರು ನೋಡುವರು?