ಬೆರಳಚ್ಚು ಹಾಜರಾತಿ ಯಂತ್ರ ಮತ್ತು ಮಾಲೀಕರ ಹೊಣೆಗಾರಿಕೆ

ತೂಬಿನಕೆರೆ, ಗೆಜ್ಜಲಗೆರೆಯ ಕೈಗಾರಿಕಾ ಘಟಕವಿರಲಿ, ಮದ್ದೂರು ಅಥವಾ ಮಳವಳ್ಳಿ ಪೇಟೆಯ ಮಳಿಗೆಯಿರಲಿ, ಹಾಜರಿ ಪುಸ್ತಕದ ಬದಲು ಬೆರಳಚ್ಚು ಯಂತ್ರವನ್ನು ಅಳವಡಿಸುವುದು ಇಂದು ಸುಲಭಸಾಧ್ಯ. ಒಬ್ಬರ ಪರವಾಗಿ ಮತ್ತೊಬ್ಬರು ಹಾಜರಿ ಹಾಕುವುದು ಇದರಿಂದ ತಪ್ಪುತ್ತದೆ. ಸಂಬಳದ ಲೆಕ್ಕವೂ ಸರಳವಾಗುತ್ತದೆ. ಆದರೆ ಈ ಅನುಕೂಲದ ಜೊತೆಗೆ ಬರುವ ಹೊಣೆಯನ್ನು ಉದ್ಯಮಿಗಳು ಅರಿತಿರುವುದು ಅವಶ್ಯ.

ಯಂತ್ರದಲ್ಲಿ ಉಳಿಯುವುದೇನು?

ಯಂತ್ರವು ಸಾಮಾನ್ಯವಾಗಿ ಬೆರಳಿನ ಚಿತ್ರವನ್ನಲ್ಲ, ಗೆರೆಗಳು ಕವಲೊಡೆಯುವ ಹಾಗೂ ಮುಗಿಯುವ ಬಿಂದುಗಳ ಅಂಕೀಯ ನಕ್ಷೆಯನ್ನು ಸಂಗ್ರಹಿಸುತ್ತದೆ. ಮೊಬೈಲ್ ಫೋನಿನ ಬೀಗ ತೆರೆಯಲು ನೀಡಿದ ಬೆರಳಚ್ಚಿನ ನಕ್ಷೆ ಫೋನಿನೊಳಗೇ ಉಳಿಯುತ್ತದೆ. ಹಾಜರಾತಿ ಯಂತ್ರದ ನಕ್ಷೆಯಾದರೋ ಕಚೇರಿಯ ಕಂಪ್ಯೂಟರಿಗೆ, ಕೆಲವೊಮ್ಮೆ ಯಂತ್ರ ಪೂರೈಸಿದವರ ಸರ್ವರಿಗೂ ಹೋಗಬಹುದು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಇದು ಬರಿಯ ಊಹೆಯ ಭಯವಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲಿ ಬೆಳಕಿಗೆ ಬಂದವು. ವಂಚಕರಿಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಸಾಕಾಗಿದ್ದವು, ಒಟಿಪಿ ಬೇಕಾಗಿರಲಿಲ್ಲ. ನಕ್ಷೆಯಿಂದ ಬೆರಳಚ್ಚನ್ನು ಮರುರೂಪಿಸುವುದು ಚಿತ್ರದಿಂದ ನಕಲು ಮಾಡುವಷ್ಟು ಸುಲಭವಲ್ಲ, ಆದರೆ ಅಸಾಧ್ಯವೂ ಅಲ್ಲ. ಕಾರ್ಮಿಕರ ಆಧಾರ್ ಪ್ರತಿ, ಖಾತೆಯ ವಿವರ ಹಾಗೂ ಬೆರಳಚ್ಚು ಮೂರೂ ಒಂದೆಡೆ ಸೇರುವ ಸ್ಥಳ ಮಾಲೀಕರ ಕಚೇರಿಯೇ ಎಂಬುದನ್ನು ಮರೆಯಬಾರದು.

ಕಾನೂನು ಏನೆನ್ನುತ್ತದೆ?

ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು.

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಹೊರಡಿಸಲಾದ 2011ರ ನಿಯಮಗಳು ಬಯೋಮೆಟ್ರಿಕ್ ವಿವರವನ್ನು ಸೂಕ್ಷ್ಮ ಮಾಹಿತಿಯೆಂದು ಪರಿಗಣಿಸಿ, ಸಂಗ್ರಹಕ್ಕೆ ಮುನ್ನ ಲಿಖಿತ ಸಮ್ಮತಿಯನ್ನು ವಿಧಿಸಿದವು. ನಿರ್ಲಕ್ಷ್ಯದಿಂದ ನಷ್ಟವಾದರೆ ಪರಿಹಾರ ತೆರಬೇಕೆಂಬ ಆ ಕಾಯ್ದೆಯ 43ಎ ಕಲಮಿನ ವ್ಯಾಪ್ತಿಗೆ ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳನ್ನೂ ಸೇರಿಸಲಾಯಿತು. ಈ ಏರ್ಪಾಡಿನ ಬದಲಿಗೆ ರೂಪುಗೊಂಡದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡವು. ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ಸೂಕ್ತ ಭದ್ರತೆ ಒದಗಿಸದವರಿಗೆ ಕಾಯ್ದೆ ಸೂಚಿಸುವ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ಅನುಸರಿಸಬೇಕಾದ ಕ್ರಮಗಳು

1. ಬೆರಳಚ್ಚು ಪಡೆಯುವ ಮುನ್ನ ಉದ್ದೇಶವನ್ನು ಕನ್ನಡದಲ್ಲಿ ತಿಳಿಸಿ, ಸಹಿಯೊಂದಿಗೆ ಸಮ್ಮತಿ ಪಡೆಯಿರಿ.

2. ಯಂತ್ರದೊಂದಿಗೆ ಬಂದ ಪಾಸ್‌ವರ್ಡನ್ನು ಕೂಡಲೇ ಬದಲಿಸಿರಿ. ಮಾಹಿತಿ ಎಲ್ಲಿ ಉಳಿಯುತ್ತದೆಂಬುದನ್ನು ಪೂರೈಕೆದಾರರಿಂದ ಬರವಣಿಗೆಯಲ್ಲಿ ಪಡೆಯಿರಿ.

3. ಕೆಲಸ ಬಿಟ್ಟವರ ಬೆರಳಚ್ಚನ್ನು ಅಳಿಸಿರಿ. ಹಳೆಯ ಯಂತ್ರವನ್ನು ವಿನಿಮಯಕ್ಕೆ ಕೊಡುವಾಗಲೂ ಇದು ಅನ್ವಯಿಸುತ್ತದೆ.

4. ಗುರುತಿಗೆ ಮಾತ್ರ ಬೇಕಿದ್ದಲ್ಲಿ, ಕೊನೆಯ ನಾಲ್ಕು ಅಂಕೆಗಳಷ್ಟೇ ಕಾಣುವ ಆಧಾರ್ ಪ್ರತಿಯನ್ನು ಇಟ್ಟುಕೊಳ್ಳಿರಿ.

5. ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕುವ ಸೌಲಭ್ಯವನ್ನು ಕಾರ್ಮಿಕರಿಗೆ ತಿಳಿಸಿರಿ. ಪಡಿತರಕ್ಕೆ ಬೆರಳು ಒತ್ತುವಾಗ ಬೀಗವನ್ನು ತಾತ್ಕಾಲಿಕವಾಗಿ ತೆರೆಯಬೇಕೆಂಬುದನ್ನೂ ಹೇಳಿರಿ.

6. ಆಲೆಮನೆ, ಗಾರೆ ಕೆಲಸ ಮುಂತಾದವುಗಳಲ್ಲಿ ಬೆರಳ ಗೆರೆ ಸವೆದವರನ್ನು ಯಂತ್ರ ಗುರುತಿಸದಿರಬಹುದು. ಅಂಥವರಿಗೆ ಕಾರ್ಡ್ ಅಥವಾ ಹಾಜರಿ ಪುಸ್ತಕವಿರಲಿ. ಯಂತ್ರದ ದೋಷಕ್ಕೆ ಕೂಲಿ ಕಡಿತವಾಗಬಾರದು.

ಹತ್ತು ಜನರಷ್ಟೇ ದುಡಿಯುವ ಘಟಕಕ್ಕೆ ಕಾರ್ಡ್ ಅಥವಾ ಪುಸ್ತಕವೇ ಸಾಕಾಗಬಹುದು. ಸಂಗ್ರಹಿಸದ ಮಾಹಿತಿ ಸೋರಿಹೋಗುವುದಿಲ್ಲ; ಆದ್ದರಿಂದ ಯಂತ್ರ ಕೊಳ್ಳುವ ಮೊದಲೇ ಅದರ ಅಗತ್ಯವನ್ನು ತೂಗಿ ನೋಡುವುದು ಲೇಸು.