ಉಪಗ್ರಹಗಳ ಕಕ್ಷೆ ಮತ್ತು ರೈತನ ಹೊಲ

ಆಕಾಶವಾಣಿಯಲ್ಲಿ, ದೂರದರ್ಶನದಲ್ಲಿ ಮತ್ತು ಮೊಬೈಲ್ ಫೋನಿನಲ್ಲಿ ಬರುವ ಹವಾಮಾನ ಮುನ್ಸೂಚನೆಯ ಹಿಂದೆ ಇಂದು ಕೃತಕ ಉಪಗ್ರಹಗಳ ಕೆಲಸವಿದೆ. ಬರಗಾಲದ ವರ್ಷ ಯಾವ ತಾಲ್ಲೂಕಿನಲ್ಲಿ ಬೆಳೆ ಎಷ್ಟು ಒಣಗಿದೆ ಎಂದು ತೂಗಿ ನೋಡುವಾಗಲೂ ಉಪಗ್ರಹ ಚಿತ್ರಗಳನ್ನು ಬಳಸಲಾಗುತ್ತದೆ. ಇದರಿಂದ ರೈತರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬೆಳೆದಿವೆ. ಮೇಲಿನಿಂದ ಎಲ್ಲವೂ ಕಾಣುತ್ತದೆ, ನಾವು ಹೇಳಬೇಕಾದ್ದು ಏನೂ ಇಲ್ಲ ಎಂದು ಕೆಲವರು ಸುಮ್ಮನಿರುತ್ತಾರೆ. ಅಷ್ಟು ಎತ್ತರದಿಂದ ನಮ್ಮ ಎರಡೆಕರೆ ಹೇಗೆ ಕಂಡೀತು ಎಂದು ಮತ್ತೆ ಕೆಲವರು ನಂಬುವುದೇ ಇಲ್ಲ. ಈ ಎರಡೂ ಪೂರ್ಣ ಸರಿಯಲ್ಲ. ಒಂದು ಉಪಗ್ರಹ ಏನನ್ನು ನೋಡಬಲ್ಲದು, ಎಷ್ಟು ದಿನಕ್ಕೊಮ್ಮೆ ನೋಡಬಲ್ಲದು ಎಂಬುದು ಮುಖ್ಯವಾಗಿ ಅದರ ಕಕ್ಷೆಯನ್ನು ಅವಲಂಬಿಸಿದೆ. ಇದನ್ನು ತಿಳಿದುಕೊಂಡರೆ ಉಪಗ್ರಹದ ಮಾಹಿತಿಯನ್ನು ಎಲ್ಲಿ ನಂಬಬೇಕು, ಎಲ್ಲಿ ತಮ್ಮ ಹೊಲದ ದಾಖಲೆಯನ್ನು ತಾವೇ ಇಟ್ಟುಕೊಳ್ಳಬೇಕು ಎಂಬುದು ರೈತರಿಗೆ ಸ್ಪಷ್ಟವಾಗುತ್ತದೆ.

ರಾಯಚೂರು ಜಿಲ್ಲೆಗೆ ಉಪಗ್ರಹ ಹೊಸದಲ್ಲ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದರಲ್ಲಿ ಸೇರಿದ್ದವು. ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮಗಳಿದ್ದವು. ಸಂಜೆಯ ಕಾರ್ಯಕ್ರಮಗಳಲ್ಲಿ ಬೇಸಾಯ, ಆರೋಗ್ಯ ಮತ್ತು ಕುಟುಂಬ ಕಲ್ಯಾಣಕ್ಕೆ ಮುಖ್ಯ ಸ್ಥಾನವಿತ್ತು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು.

ಇದಕ್ಕೆ ಬಳಸಿದ್ದು ಅಮೆರಿಕದ ಎಟಿಎಸ್-6 ಎಂಬ ಉಪಗ್ರಹ. ಆ ಒಂದು ವರ್ಷದ ಮಟ್ಟಿಗೆ ಅದನ್ನು ಪೂರ್ವ ರೇಖಾಂಶ 35 ಡಿಗ್ರಿಯಲ್ಲಿ, ಎಂದರೆ ಆಫ್ರಿಕದ ಪೂರ್ವ ಭಾಗದ ಮೇಲೆ, ನಿಲ್ಲಿಸಲಾಗಿತ್ತು. ಹಳ್ಳಿಯಲ್ಲಿ ಅದರ ಸಂಕೇತವನ್ನು ಹಿಡಿಯಲು ತಂತಿ ಬಲೆಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾ ಇರುತ್ತಿತ್ತು. ರಾಯಚೂರಿನ ಹಳ್ಳಿಗಳಲ್ಲಿ ಆ ಆಂಟೆನಾ ಹೆಚ್ಚು ಕಡಿಮೆ ಪಶ್ಚಿಮಕ್ಕೆ ಮುಖ ಮಾಡಿರಬೇಕಾಗಿತ್ತು. ಇಂದು ದೂರದರ್ಶನದ ಉಚಿತ ಡಿಶ್ ಹಾಕಿಸಿಕೊಂಡ ಮನೆಗಳಲ್ಲಿ ಬೋಗುಣಿ ಆಗ್ನೇಯಕ್ಕೆ ಮುಖ ಮಾಡಿರುತ್ತದೆ. ಏಕೆಂದರೆ ಆ ಸೇವೆ ನೀಡುವ ಜಿಸ್ಯಾಟ್-15 ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಹಗಲಾಗಲಿ ರಾತ್ರಿಯಾಗಲಿ ಬೋಗುಣಿಯನ್ನು ತಿರುಗಿಸಬೇಕಾಗಿಲ್ಲ. ಉಪಗ್ರಹ ಅಲ್ಲಿಯೇ ನಿಂತಂತೆ ಇರುತ್ತದೆ. ಇದು ಹೇಗೆ ಸಾಧ್ಯ?

ಕಕ್ಷೆ ಎಂದರೇನು?

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಅಟ್ಟಣಿಗೆಯ ಮೇಲಿಂದ ಕವಣೆ ಬೀಸಿದಾಗ ಕಲ್ಲು ಮುಂದೆ ಹೋಗುತ್ತಲೇ ಬಾಗಿ ನೆಲಕ್ಕೆ ಬೀಳುತ್ತದೆ. ಬಿರುಸಾಗಿ ಬೀಸಿದಷ್ಟೂ ದೂರ ಹೋಗಿ ಬೀಳುತ್ತದೆ. ಭೂಮಿ ದುಂಡಗಿದೆ. ಗಾಳಿಯ ತಡೆ ಇಲ್ಲದಷ್ಟು ಎತ್ತರಕ್ಕೆ ಒಯ್ದು, ಸೆಕೆಂಡಿಗೆ ಸುಮಾರು 7.5 ಕಿ.ಮೀ. ವೇಗದಲ್ಲಿ ಒಂದು ವಸ್ತುವನ್ನು ಎಸೆದರೆ, ಅದು ಬಾಗುವಷ್ಟೇ ಭೂಮಿಯ ಮೈಯೂ ಬಾಗಿರುವುದರಿಂದ ಆ ವಸ್ತು ನೆಲವನ್ನು ಮುಟ್ಟುವುದೇ ಇಲ್ಲ. ಸುತ್ತುತ್ತಲೇ ಇರುತ್ತದೆ. ಈ ಸುತ್ತುವ ದಾರಿಯೇ ಕಕ್ಷೆ. ಎತ್ತರ ಹೆಚ್ಚಿದಂತೆ ದಾರಿ ಉದ್ದವಾಗುತ್ತದೆ, ವೇಗ ಕಡಿಮೆಯಾಗುತ್ತದೆ. ಆದ್ದರಿಂದ ಒಂದು ಸುತ್ತಿಗೆ ಬೇಕಾಗುವ ಕಾಲವೂ ಹೆಚ್ಚುತ್ತದೆ. ಸುಮಾರು 800 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 101 ನಿಮಿಷ ಸಾಕು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಒಂದು ದಿನ ಹಿಡಿಯುತ್ತದೆ.

ಶ್ರೀಹರಿಕೋಟಾ ಉಡ್ಡಯನ ಕೇಂದ್ರ

ನಮ್ಮ ದೇಶದ ರಾಕೆಟ್ಟುಗಳು ಉಪಗ್ರಹಗಳನ್ನು ಹೊತ್ತು ಏಳುವುದು ಆಂಧ್ರಪ್ರದೇಶದ ಶ್ರೀಹರಿಕೋಟಾದಿಂದ. ಇದು ರಾಯಚೂರು ನಗರದಿಂದ ಆಗ್ನೇಯಕ್ಕೆ, ನೇರ ದೂರದಲ್ಲಿ ಸುಮಾರು 400 ಕಿ.ಮೀ. ಇದೆ. ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ ನಮ್ಮ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಅಂದಿನ ಸೋವಿಯತ್ ದೇಶದ ರಾಕೆಟ್ಟಿನಲ್ಲಿ ಹೋಗಬೇಕಾಯಿತು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ರಾಕೆಟ್ಟು 35 ಕಿಲೊ ತೂಕದ ರೋಹಿಣಿ ಉಪಗ್ರಹವನ್ನು ಶ್ರೀಹರಿಕೋಟಾದಿಂದಲೇ ಕಕ್ಷೆಗೆ ಸೇರಿಸಿತು. 2002ರಿಂದ ಈ ಕೇಂದ್ರಕ್ಕೆ ಪ್ರೊ. ಸತೀಶ್ ಧವನ್ ಅವರ ಹೆಸರಿದೆ.

ಈ ಸ್ಥಳದ ಆಯ್ಕೆಗೆ ಕಾರಣಗಳಿವೆ. ಪೂರ್ವಕ್ಕೆ ಸಮುದ್ರವಿರುವುದರಿಂದ ಕಳಚಿದ ಭಾಗಗಳು ಊರುಗಳ ಮೇಲೆ ಬೀಳುವುದಿಲ್ಲ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವುದರಿಂದ, ಪೂರ್ವಕ್ಕೆ ಹಾರುವ ರಾಕೆಟ್ಟಿಗೆ ಅಲ್ಲಿ ಸೆಕೆಂಡಿಗೆ ಸುಮಾರು 450 ಮೀಟರಿನಷ್ಟು ವೇಗ ಪುಕ್ಕಟೆಯಾಗಿ ಸಿಗುತ್ತದೆ. ದಕ್ಷಿಣಕ್ಕೆ ಹೋಗಬೇಕಾದ ರಾಕೆಟ್ಟು ಮಾತ್ರ ಶ್ರೀಲಂಕಾದ ಮೇಲೆ ಹಾರದಂತೆ ದಾರಿ ಬಳಸಬೇಕಾಗುತ್ತದೆ. ಅದಕ್ಕೆ ಇಂಧನ ಹೆಚ್ಚು ಖರ್ಚಾಗುತ್ತದೆ.

ಒಂದೇ ಕಡೆ ನಿಂತು ಕಾಯುವ ಉಪಗ್ರಹ

ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುವ ಉಪಗ್ರಹ ನಮಗೆ ನಿಂತಂತೆ ಕಾಣುತ್ತದೆ. ಇದು ಭೂಸ್ಥಿರ ಕಕ್ಷೆ. ದೂರದರ್ಶನದ ಉಪಗ್ರಹಗಳೂ ಹವಾಮಾನ ಉಪಗ್ರಹಗಳೂ ಇಲ್ಲಿವೆ. 2016ರ ಸೆಪ್ಟೆಂಬರ್ 8ರಂದು ಇನ್ಸಾಟ್-3ಡಿಆರ್, 2024ರ ಫೆಬ್ರವರಿ 17ರಂದು ಇನ್ಸಾಟ್-3ಡಿಎಸ್ ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ಟುಗಳಲ್ಲಿ ಹೋದವು. ಇಂಥ ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿಡುವ ಕೆಲಸ ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ್ದು.

ಇವುಗಳ ದೊಡ್ಡ ಗುಣವೆಂದರೆ ಬಿಡುವಿಲ್ಲದ ಕಾವಲು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಎತ್ತ ಸಾಗಿದೆ ಎಂಬುದನ್ನು ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆದು ತೋರಿಸುತ್ತವೆ. ಅವಕೆಂಪು ಕಣ್ಣಿನಿಂದ ರಾತ್ರಿಯಲ್ಲೂ ಮೋಡ ಕಾಣುತ್ತದೆ. ದೋಷವೆಂದರೆ ದೂರ. ಆ ಅವಕೆಂಪು ಚಿತ್ರದ ಒಂದು ಚುಕ್ಕಿ ನೆಲದ ಮೇಲೆ ಸುಮಾರು 4 ಕಿ.ಮೀ. ಉದ್ದ, 4 ಕಿ.ಮೀ. ಅಗಲ, ಎಂದರೆ ಸುಮಾರು 4,000 ಎಕರೆ. ಒಂದು ಊರು ತನ್ನ ಹೊಲಗದ್ದೆಗಳ ಸಮೇತ ಆ ಒಂದು ಚುಕ್ಕಿಯಲ್ಲಿ ಅಡಗಿಹೋಗಬಹುದು. ಅಲ್ಲದೆ ಈ ಉಪಗ್ರಹ ಮಳೆಯ ಹನಿಯನ್ನು ಅಳೆಯುವುದಿಲ್ಲ. ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂಬುದನ್ನು ನೋಡಿ, ಮೋಡ ಎಷ್ಟು ಎತ್ತರಕ್ಕೆ ಬೆಳೆದಿದೆ, ಎಷ್ಟು ಮಳೆ ಬರಬಹುದು ಎಂದು ಅಂದಾಜು ಮಾಡಲಾಗುತ್ತದೆ. ರಸ್ತೆಯ ಆಚೆಗಿನ ಹೊಲಕ್ಕೆ ಬಿದ್ದ ಮಳೆ ಈಚೆಗೆ ಬೀಳದಿದ್ದರೆ ಅದನ್ನು ಹೇಳಬಲ್ಲದ್ದು ನೆಲದ ಮೇಲಿನ ಮಳೆಮಾಪಕ ಮಾತ್ರ.

ಸಾಲು ಹಿಡಿದು ಸುತ್ತುವ ಉಪಗ್ರಹ

ಬೆಳೆಯನ್ನು ಹತ್ತಿರದಿಂದ ನೋಡುವ ಉಪಗ್ರಹಗಳು ಕೆಳಗಿನ ಕಕ್ಷೆಯಲ್ಲಿ ಉತ್ತರ ದಕ್ಷಿಣವಾಗಿ, ಧ್ರುವಗಳ ಸಮೀಪದಿಂದ ಸುತ್ತುತ್ತವೆ. ಇವು ಒಂದು ಸುತ್ತು ಮುಗಿಸುವಷ್ಟರಲ್ಲಿ ಭೂಮಿ ಪೂರ್ವಕ್ಕೆ ಸರಿದಿರುತ್ತದೆ. ಕೂರಿಗೆ ಹೊಡೆಯುವವನು ಸಾಲು ಸಾಲಾಗಿ ಹೊಲ ಮುಗಿಸುವಂತೆ ಇವು ಪಟ್ಟಿ ಪಟ್ಟಿಯಾಗಿ ಇಡೀ ಭೂಮಿಯನ್ನು ನೋಡಿ ಮುಗಿಸುತ್ತವೆ. ರಿಸೋರ್ಸ್‌ಸ್ಯಾಟ್-2 ಉಪಗ್ರಹವನ್ನು 2011ರ ಏಪ್ರಿಲ್ 20ರಂದು, ರಿಸೋರ್ಸ್‌ಸ್ಯಾಟ್-2ಎ ಉಪಗ್ರಹವನ್ನು 2016ರ ಡಿಸೆಂಬರ್ 7ರಂದು ಪಿಎಸ್‌ಎಲ್‌ವಿ ರಾಕೆಟ್ಟುಗಳು ಶ್ರೀಹರಿಕೋಟಾದಿಂದ 817 ಕಿ.ಮೀ. ಎತ್ತರದ ಇಂಥ ಕಕ್ಷೆಗೆ ಸೇರಿಸಿದವು. ಇವು ಒಂದು ಜಾಗದ ಮೇಲೆ ಯಾವಾಗ ಬಂದರೂ ಬೆಳಿಗ್ಗೆ ಸುಮಾರು ಹತ್ತೂವರೆಗೇ ಬರುವಂತೆ ಕಕ್ಷೆಯನ್ನು ಹೊಂದಿಸಲಾಗಿದೆ. ಬಿಸಿಲಿನ ಸಮಯ ಒಂದೇ ಆಗಿರುವುದರಿಂದ ಈ ತಿಂಗಳ ಚಿತ್ರವನ್ನು ಕಳೆದ ತಿಂಗಳ ಚಿತ್ರದೊಡನೆ ಹೋಲಿಸಲು ಅನುಕೂಲ. ರಾಯಚೂರಿನಿಂದ ಮಹಬೂಬ್‌ನಗರದ ಮೂಲಕ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಶಾದ್‌ನಗರದಲ್ಲಿ ಈ ಚಿತ್ರಗಳನ್ನು ಬರಮಾಡಿಕೊಳ್ಳುವ ಕೇಂದ್ರವಿದೆ.

ಈ ಚಿತ್ರಗಳ ಒಂದೊಂದು ಚುಕ್ಕಿ ನೆಲದ ಮೇಲೆ ಎಷ್ಟು ಎಂಬುದನ್ನು ಗುಂಟೆಯ ಲೆಕ್ಕದಲ್ಲಿ ನೋಡಬಹುದು.

1. ರಿಸೋರ್ಸ್‌ಸ್ಯಾಟಿನ ಅಗಲ ನೋಟದ ಕ್ಯಾಮೆರಾ: ಚುಕ್ಕಿ 56 ಮೀಟರ್, ಸುಮಾರು 31 ಗುಂಟೆ. 5 ದಿನಕ್ಕೊಮ್ಮೆ ಬರುತ್ತದೆ.
2. ಅದರ ಮಧ್ಯಮ ನೋಟದ ಕ್ಯಾಮೆರಾ: ಚುಕ್ಕಿ 23.5 ಮೀಟರ್, ಸುಮಾರು ಐದೂವರೆ ಗುಂಟೆ. 24 ದಿನಕ್ಕೊಮ್ಮೆ ಬರುತ್ತದೆ.
3. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು: ಚುಕ್ಕಿ 10 ಮೀಟರ್, ಸುಮಾರು ಒಂದು ಗುಂಟೆ. ಎರಡು ಉಪಗ್ರಹ ಸೇರಿ 5 ದಿನಕ್ಕೊಮ್ಮೆ ಬರುತ್ತವೆ.

ಎರಡೆಕರೆ ಹೊಲ ಖಂಡಿತವಾಗಿ ಕಾಣುತ್ತದೆ ಎಂಬುದು ಇದರಿಂದ ಸ್ಪಷ್ಟ. ಆದರೆ ಅದು ಕಾಣುವುದು ಉಪಗ್ರಹ ಬಂದ ದಿನ, ಆಕಾಶ ತಿಳಿಯಾಗಿದ್ದರೆ ಮಾತ್ರ.

ಬೆಳೆಯನ್ನು ಗುರುತಿಸುವ ಬಗೆ

ಹಸಿರು ಎಲೆಯಲ್ಲಿರುವ ಪತ್ರಹರಿತ್ತು ಬಿಸಿಲಿನ ಕೆಂಪು ಕಿರಣವನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಎಲೆ ಹಿಂದಕ್ಕೆ ಹೊಡೆಯುತ್ತದೆ. ನೀರಿಲ್ಲದೆ ಅಥವಾ ರೋಗದಿಂದ ಬೆಳೆ ಸೊರಗಿದರೆ ಈ ಎರಡರ ಅಂತರ ಕಡಿಮೆಯಾಗುತ್ತದೆ. ಈ ಅಂತರವನ್ನು ಲೆಕ್ಕ ಹಾಕಿ ಬೆಳೆಯ ಹಸಿರಿನ ಸೂಚ್ಯಂಕವನ್ನು ತೆಗೆಯುತ್ತಾರೆ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯು ಮಳೆಯ ಕೊರತೆಯ ಜೊತೆಗೆ ಈ ಸೂಚ್ಯಂಕ, ಬಿತ್ತನೆಯ ಕ್ಷೇತ್ರ, ಮಣ್ಣಿನ ತೇವ ಮೊದಲಾದವನ್ನು ನೋಡಬೇಕೆಂದೂ, ಆಯ್ದ ಹಳ್ಳಿಗಳ ಹೊಲಗಳಲ್ಲಿ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಬೇಕೆಂದೂ ಹೇಳುತ್ತದೆ. ಹಸಿರು ಕಡಿಮೆಯಾಗಿದೆ ಎಂದು ಉಪಗ್ರಹ ಹೇಳಬಲ್ಲದು. ಅದಕ್ಕೆ ಕಾರಣ ನೀರಿನ ಕೊರತೆಯೋ, ಕೀಟವೋ, ತಡವಾದ ಬಿತ್ತನೆಯೋ ಎಂಬುದನ್ನು ಹೇಳಲಾರದು.

ಮುಂಗಾರಿನ ಮೋಡ ಇನ್ನೊಂದು ಅಡ್ಡಿ. ಬೆಳೆ ನೋಡಬೇಕಾದ ತಿಂಗಳುಗಳಲ್ಲಿಯೇ ಮೋಡ ಕವಿದಿರುತ್ತದೆ. ಇದಕ್ಕೆ ಪರಿಹಾರ ರಾಡಾರ್ ಉಪಗ್ರಹ. ಇದು ತಾನೇ ರೇಡಿಯೊ ಅಲೆಗಳನ್ನು ಕಳಿಸಿ, ನೆಲದಿಂದ ಹಿಂದಿರುಗಿದುದನ್ನು ಹಿಡಿಯುತ್ತದೆ. ಮೋಡವಾಗಲಿ ಕತ್ತಲೆಯಾಗಲಿ ಇದಕ್ಕೆ ಅಡ್ಡಿಯಲ್ಲ. 2022ರ ಫೆಬ್ರವರಿ 14ರಂದು ಇಒಎಸ್-04, 2025ರ ಜುಲೈ 30ರಂದು ಭಾರತ ಮತ್ತು ಅಮೆರಿಕ ಸೇರಿ ನಿರ್ಮಿಸಿದ ನಿಸಾರ್ ಶ್ರೀಹರಿಕೋಟಾದಿಂದ ಹೊರಟವು. ನಿಸಾರ್ 12 ದಿನಕ್ಕೊಮ್ಮೆ ಅದೇ ನೆಲದ ಮೇಲೆ ಬರುವಂತೆ ಯೋಜಿಸಲಾಗಿದೆ. ಮಣ್ಣಿನ ತೇವದ ಅಂದಾಜು ಅದರ ಕೆಲಸಗಳಲ್ಲಿ ಒಂದು.

ಮಾನ್ವಿ ಮತ್ತು ದೇವದುರ್ಗದ ಉದಾಹರಣೆ

ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಮುಖ್ಯ ಬೆಳೆ. ನಾಟಿಗೆ ನಿಲ್ಲಿಸಿದ ನೀರು ರಾಡಾರ್ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಪೈರು ತೆಂಡೆಯೊಡೆದು ಮೇಲೆದ್ದಂತೆ ಅದೇ ಗದ್ದೆ ಬೆಳ್ಳಗಾಗುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ನಾಟಿ ಯಾವಾಗ ಆಯಿತು, ಕೊನೆ ಭಾಗಕ್ಕೆ ನೀರು ತಲುಪಿ ನಾಟಿ ಎಷ್ಟು ತಡವಾಯಿತು ಎಂಬುದನ್ನು ದಿನಾಂಕದ ಸಮೇತ ತೋರಿಸಬಲ್ಲ ಸಾಕ್ಷ್ಯ ಇದು. ಕೊನೆ ಭಾಗದ ರೈತರಿಗೆ ಇದರ ಬೆಲೆ ದೊಡ್ಡದು.

ದೇವದುರ್ಗದ ಮಳೆಯಾಶ್ರಿತ ಎರೆಭೂಮಿಯ ಸ್ಥಿತಿ ಬೇರೆ. ಸೆಪ್ಟೆಂಬರಿನಲ್ಲಿ ಹತ್ತಿಯೂ ತೊಗರಿಯೂ ಹಸಿರಾಗಿಯೇ ಕಾಣುತ್ತವೆ. ಒಂದೇ ಚಿತ್ರದಿಂದ ಇವನ್ನು ಬೇರ್ಪಡಿಸುವುದು ಕಷ್ಟ. ಬಿತ್ತನೆಯಿಂದ ಕೊಯ್ಲಿನವರೆಗಿನ ಚಿತ್ರಗಳನ್ನು ಸಾಲಾಗಿಟ್ಟು, ಹಸಿರು ಏರಿ ಇಳಿಯುವ ಕ್ರಮವನ್ನು ನೋಡಿಯೇ ತೀರ್ಮಾನಿಸಬೇಕು. ತೊಗರಿಯೊಳಗೆ ಅಕ್ಕಡಿ ಸಾಲು ಇದ್ದರೆ ಒಂದೇ ಚುಕ್ಕಿಯಲ್ಲಿ ಎರಡು ಬೆಳೆ ಬೆರೆತು ಗೊಂದಲ ಹೆಚ್ಚುತ್ತದೆ. ಇಂಥಲ್ಲಿ ತಜ್ಞರು ನೆಲದ ಮೇಲಿನ ದಾಖಲೆಯನ್ನು ಆಧಾರವಾಗಿ ಹಿಡಿಯುತ್ತಾರೆ. ಯಾವ ಹೊಲದಲ್ಲಿ ಯಾವ ಬೆಳೆ ಎಂದು ಕೆಲವು ಕಡೆ ಖಚಿತವಾಗಿ ತಿಳಿದರೆ, ಅದನ್ನು ಮಾದರಿಯಾಗಿಟ್ಟು ಉಳಿದ ಹೊಲಗಳನ್ನು ಗುರುತಿಸಲಾಗುತ್ತದೆ. ಮಾದರಿಯೇ ತಪ್ಪಾಗಿದ್ದರೆ ಉಪಗ್ರಹದ ಲೆಕ್ಕವೂ ತಪ್ಪುತ್ತದೆ.

ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು

1. ಬೆಳೆ ಸಮೀಕ್ಷೆಯ ಸಮಯದಲ್ಲಿ ಪ್ರತಿ ಸರ್ವೆ ನಂಬರಿನ ಬೆಳೆ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಬೇಕು. ಮಿಶ್ರ ಬೆಳೆಯಿದ್ದರೆ ಎರಡನ್ನೂ ಬರೆಯಿಸಬೇಕು. ಹತ್ತಿ ಬಿತ್ತಿದ ಹೊಲ ತೊಗರಿ ಎಂದು ದಾಖಲಾದರೆ ವಿಮೆ ಮತ್ತು ಪರಿಹಾರದ ಸಮಯದಲ್ಲಿ ತೊಂದರೆಯಾಗುತ್ತದೆ.
2. ಬಿತ್ತನೆ ಅಥವಾ ನಾಟಿಯ ದಿನಾಂಕ, ಕಾಲುವೆ ನೀರು ಬಂದ ಮತ್ತು ನಿಂತ ದಿನಾಂಕಗಳನ್ನು ಬರೆದಿಡಬೇಕು. ಉಪಗ್ರಹದ ಚಿತ್ರಕ್ಕೆ ದಿನಾಂಕವಿರುತ್ತದೆ. ರೈತನ ಮಾತಿಗೂ ದಿನಾಂಕವಿದ್ದರೆ ಎರಡನ್ನೂ ತಾಳೆ ನೋಡಬಹುದು.
3. ಆಲಿಕಲ್ಲು ಮಳೆಯಂಥ ಹಾನಿಯಾದಾಗ ಉಪಗ್ರಹ ನೋಡಿರುತ್ತದೆ ಎಂದು ಕಾಯಬಾರದು. ಬೆಳೆ ವಿಮೆ ಮಾಡಿಸಿದವರು ಇಂಥ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ.
4. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆಯನ್ನು ನೋಡಿ ಔಷಧ ಸಿಂಪಡಣೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಒಣಗಿಸುವುದು ಮೊದಲಾದ ಕೆಲಸಗಳ ದಿನ ಗೊತ್ತುಮಾಡಬೇಕು. ಬಿತ್ತನೆಗೆ ಮಾತ್ರ ತಮ್ಮ ಹೊಲದ ಹಸಿಯನ್ನು ಅಗೆದು ನೋಡಿಯೇ ನಿರ್ಧರಿಸಬೇಕು.
5. ಗ್ರಾಮ ಪಂಚಾಯತಿಯ ಮಳೆಮಾಪಕ ದೂರವಿದ್ದರೆ ರೈತರ ಗುಂಪುಗಳು ಊರಿನಲ್ಲಿ ಒಂದು ಸಾದಾ ಮಳೆಮಾಪಕವನ್ನಿಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಡುವುದು ಒಳ್ಳೆಯದು.

ಎತ್ತರದ ಉಪಗ್ರಹ ಮೋಡವನ್ನು ಬಿಡದೆ ಕಾಯುತ್ತದೆ, ಆದರೆ ಅದಕ್ಕೆ ಹೊಲ ಕಾಣದು. ಕೆಳಗಿನ ಉಪಗ್ರಹಕ್ಕೆ ಹೊಲ ಕಾಣುತ್ತದೆ, ಆದರೆ ಅದು ದಿನ ಬಿಟ್ಟು ಬರುತ್ತದೆ. ಇವೆರಡರ ನಡುವೆ ಉಳಿಯುವ ತೆರವನ್ನು ತುಂಬಬೇಕಾದದ್ದು ಹೊಲದಲ್ಲಿಯೇ ಇರುವ ರೈತನ ದಾಖಲೆ. ಅದು ಸರಿಯಾಗಿದ್ದಷ್ಟೂ ಆಕಾಶದಿಂದ ಬರುವ ಮಾಹಿತಿ ರೈತನ ಪರವಾಗಿ ಕೆಲಸ ಮಾಡುತ್ತದೆ.