ತೂಕ ಇಳಿಯಲಿ, ತೋಳು ಇಳಿಯದಿರಲಿ

ಹೈದರಾಬಾದಿನ ತಾರ್ನಾಕಾದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿದ ಈ ಸಂಸ್ಥೆ, 2024ರ ಆಹಾರ ಮಾರ್ಗಸೂಚಿಯಲ್ಲಿ ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿಯ ಮೊರೆ ಹೋಗಬೇಡಿ ಎಂದಿದೆ. ಜಿಮ್‌ನಲ್ಲೇ ಡಬ್ಬ ಮಾರುವ ಕಾಲದಲ್ಲಿ ಇದು ಹಲವರಿಗೆ ಕಹಿ.

ಪುಡಿ ಬೇಡ ಎಂದರೆ ಪ್ರೋಟೀನೇ ಬೇಡ ಎಂದಲ್ಲ. ಬರೀ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತಕ್ಕಡಿಗೆ ಆ ವ್ಯತ್ಯಾಸ ತಿಳಿಯದು.

ಹಾಗಾದರೆ ಕೊಬ್ಬು ಇಳಿದು ಸ್ನಾಯು ಬೆಳೆಯುವುದು ಒಟ್ಟಿಗೆ ಸಾಧ್ಯವೇ? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಯುವಕರು ನಾಲ್ಕು ವಾರ ಶೇ 40ರಷ್ಟು ಕಡಿಮೆ ಕ್ಯಾಲರಿ ತಿಂದು ಕಠಿಣ ಕಸರತ್ತು ಮಾಡಿದರು. ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 2.4 ಗ್ರಾಂ ಪ್ರೋಟೀನ್ ತಿಂದವರು ಸರಾಸರಿ 4.8 ಕಿಲೋ ಕೊಬ್ಬು ಕಳೆದು, 1.2 ಕಿಲೋ ಕೊಬ್ಬುರಹಿತ ತೂಕ ಗಳಿಸಿದರು. ಅದರ ಅರ್ಧ ಪ್ರೋಟೀನ್ ತಿಂದವರ ಸ್ನಾಯು ಹೆಚ್ಚಲಿಲ್ಲ, ಕರಗಲೂ ಇಲ್ಲ. ಅಂಥ ಪಥ್ಯ ಎಲ್ಲರಿಗೂ ಹೇಳಿದ್ದಲ್ಲ, ಬಿಡಿ.

ಆದರೂ ಅದರಲ್ಲಿ ನಮಗೊಂದು ಪಾಠವಿದೆ: ನಮ್ಮ ತಟ್ಟೆಯಲ್ಲಿ ಅನ್ನ ರಾಶಿ, ಬೇಳೆ ತೆಳು. ಅನ್ನ ಒಂದು ಸೌಟು ತಗ್ಗಿಸಿ. ಗಟ್ಟಿ ಬೇಳೆ, ಉಸಲಿ, ಮೊಸರು, ಮೊಟ್ಟೆ ಹೆಚ್ಚಿಸಿ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ದಂಡ ಹೊಡೆಯಿರಿ. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ.